ನಾಲ್ಕನೇ ನಟ್ಟು

ಸಕಲೇಶಪುರದ ಹೆದ್ದಾರಿ ಬದಿಯ ಒಂದು ಗ್ಯಾರೇಜು. ಆಷಾಢದ ಬೆಳಗು, ತಗಡಿನ ಮೇಲೆ ಮಳೆ ಬಿಟ್ಟೂ ಬಿಡದೆ ಸುರಿಯುತ್ತಿದೆ. ಹಿಂದಿನ ರಾತ್ರಿ ಶಿರಾಡಿ ಘಾಟಿಯಲ್ಲಿ ಪಂಚರ್ ಆಗಿ ನಿಂತ ಕಾರನ್ನು ಟೋಯಿಂಗ್ ಗಾಡಿ ತಂದು ಇಳಿಸಿ ಹೋಗಿದೆ. ಮಾತು ನಡೆದಿರುವುದು ಕಾರಿನ ಒಡತಿಗೂ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್‌ಗೂ ನಡುವೆ. ಆಕೆ ಮಂಗಳೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳುವವರು.

— ಅಣ್ಣ, ಮೂರು ನಟ್ಟು ರಾತ್ರೀನೇ ನಾನೇ ಸಡಿಲ ಮಾಡಿದೆ. ನಾಲ್ಕನೇದು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಟಾರ್ಚ್ ಹಿಡಿದು ನೋಡಿದರೆ ಅದಕ್ಕೆ ಆರು ಮೂಲೆಯೇ ಇಲ್ಲ, ದುಂಡಗಿದೆ, ಮುಖದ ಮೇಲೆ ಹೂವಿನ ಹಾಗೆ ಏನೋ ಕೊರೆದಿದ್ದಾರೆ. ಸ್ಟೆಪ್ನಿ ಇದೆ, ಜಾಕ್ ಇದೆ, ಪಾನ ಇದೆ. ಇಷ್ಟಿದ್ದೂ ಆ ಮಳೆಯಲ್ಲಿ ಎರಡೂವರೆ ಗಂಟೆ ಕೂತೆ.

— ಅದು ಲಾಕ್ ನಟ್ಟು ಮೇಡಂ. ತೆಗೆಯೋಣ. ಅದಕ್ಕೂ ಮೊದಲು ಗಾಡಿಯ ಆರ್‌ಸಿ ತೋರಿಸಿ.

— ಆರ್‌ಸಿ? ಪಂಚರ್ ಹಾಕೋಕೆ ಆರ್‌ಸಿ ಕೇಳಿದವರನ್ನ ನಾನು ನೋಡಿಲ್ಲ.

— ಪಂಚರಿಗೆ ಕೇಳಲ್ಲ. ಕೀ ಇಲ್ಲದೆ ಲಾಕ್ ನಟ್ಟು ತೆಗೆಯೋಕೆ ಕೇಳ್ತೀನಿ, ಯಾರೇ ಆಗಲಿ. ಬೆಳಗ್ಗೆ ಎದ್ದು ನೋಡಿದರೆ ಕಾರು ಇಟ್ಟಿಗೆ ಮೇಲೆ ಕೂತಿರುತ್ತೆ, ನಾಲ್ಕೂ ಅಲಾಯ್ ಮಾಯ. ಅಂಥದ್ದಕ್ಕೆ ಅಡ್ಡ ಬರಲಿ ಅಂತಲೇ ಈ ನಟ್ಟು ಇರೋದು. ಇದನ್ನ ಬಿಚ್ಚೋ ವಿದ್ಯೆ ನನ್ನ ಕೈಲಿದೆ ಅಂದ ಮೇಲೆ, ಬಿಚ್ಚಿಸಿಕೊಳ್ಳೋರು ಯಾರು ಅಂತ ಕೇಳೋ ಹೊಣೆಯೂ ನನ್ನದೇ. ಫೋನಿನಲ್ಲಿ ಡಿಜಿಲಾಕರ್ ಇದ್ದರೂ ಸಾಕು.

— ಇದೆ, ನೋಡಿ. ನನ್ನ ಹೆಸರಲ್ಲೇ ಇದೆ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು.

— ಸರಿ. ಈಗ ಹುಡುಕಿ.

— ಏನು?

— ಕೀ. ಅಂದರೆ ನಿಮ್ಮ ಹೆಬ್ಬೆರಳಿನಷ್ಟು ಉದ್ದದ ಒಂದು ಕಬ್ಬಿಣದ ತುಂಡು. ಒಂದು ತುದಿ ಆ ಹೂವಿನ ಗೀರಿಗೆ ಕೂರುತ್ತೆ, ಇನ್ನೊಂದು ತುದಿಗೆ ಮಾಮೂಲಿ ಪಾನ ಹಾಕಬಹುದು. ಡಿಕ್ಕಿಯ ಮ್ಯಾಟ್ ಎತ್ತಿ, ಸ್ಟೆಪ್ನಿ ಹೊರಗೆ ತೆಗೆದು ಅದರ ಗುಂಡಿಯಲ್ಲಿ ಕೈಯಾಡಿಸಿ. ಜಾಕ್ ಕೂರಿಸಿರೋ ಥರ್ಮೋಕೋಲಿನ ಅಡಿ ನೋಡಿ. ಗ್ಲೋವ್ ಬಾಕ್ಸು, ಸೀಟಿನ ಕೆಳಗೆ, ಬಾಗಿಲಿನ ಜೇಬು, ಮ್ಯಾನ್ಯುಯಲ್ ಪುಸ್ತಕದ ಚೀಲ. ‘ಕೀ ಇಲ್ಲ’ ಅಂತ ಬಂದ ಎಷ್ಟೋ ಗಾಡಿಗಳಲ್ಲಿ ಕೀ ಒಳಗೇ ಇತ್ತು. ಅದು ಏನು ಅಂತಲೇ ಮಾಲೀಕರಿಗೆ ಗೊತ್ತಿರಲಿಲ್ಲ.

— ರಾತ್ರಿ ಹುಡುಕಿದೆ ಅಣ್ಣ.

— ರಾತ್ರಿ ಮಳೆಯಲ್ಲಿ, ಭಯದಲ್ಲಿ ಹುಡುಕಿದ್ದೀರಿ. ಈಗ ಚಹಾ ಕುಡಿದು ಹುಡುಕಿ. ಹತ್ತು ನಿಮಿಷ ಹೋದರೂ ಚಿಂತೆಯಿಲ್ಲ, ನಾನು ಸುತ್ತಿಗೆ ಎತ್ತೋದು ಕಡೆಗೆ.

— ಇಲ್ಲ ಅಣ್ಣ. ಎಲ್ಲಾ ಕಡೆ ನೋಡಿದೆ, ಇಲ್ಲ.

— ಹಾಗಾದರೆ ಈ ಚಕ್ರಗಳು ಕಡೆಯ ಸಲ ಬಿಚ್ಚಿದ್ದು ಎಲ್ಲಿ?

— ಮೂರು ತಿಂಗಳ ಹಿಂದೆ ಟೈರ್ ಅಂಗಡಿಯಲ್ಲಿ ನಾಲ್ಕೂ ಟೈರ್ ಅದಲುಬದಲು ಮಾಡಿಸಿದೆ. ಹಾಂ, ಆ ಹುಡುಗ ಡಿಕ್ಕಿಯಿಂದ ಏನೋ ತಗೊಂಡು ಹೋಗಿದ್ದ! ಫೋನ್ ಮಾಡ್ತೀನಿ… ಅವರ ಹತ್ತಿರ ಡಬ್ಬಿಯಲ್ಲಿ ಯಾರ್ಯಾರೋ ಬಿಟ್ಟು ಹೋದ ಮೂರು ಕೀ ಇವೆಯಂತೆ. ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದಾರೆ, ನೋಡಿ.

— ಕೊಡಿ. ಇದಕ್ಕೆ ಐದು ಎಸಳು, ನಿಮ್ಮದಕ್ಕೆ ಏಳು. ಇದು ನಕ್ಷತ್ರ. ಇದು ಬರೀ ಹಲ್ಲು. ಯಾವುದೂ ನಿಮ್ಮದಲ್ಲ. ಏರ್ ಗನ್ನಿನ ಬಾಯಿಗೆ ಕೀ ಸಿಕ್ಕಿಸಿ ನಾಲ್ಕು ಚಕ್ರ ಬಿಗಿ ಮಾಡ್ತಾರೆ, ಅಷ್ಟರಲ್ಲಿ ಮುಂದಿನ ಗಾಡಿ ಬಂದಿರುತ್ತೆ, ಕೀ ಗನ್ನಿನಲ್ಲೇ ಉಳಿಯುತ್ತೆ. ಬೇಕು ಅಂತ ಯಾರೂ ಮಾಡಲ್ಲ. ಆದರೆ ಕಳೆಯೋದು ಹೆಚ್ಚಾಗಿ ಹೀಗೇ.

— ಬೇರೆ ಕೀ ಮಾಡಿಸೋಕೆ ಆಗಲ್ವಾ? ಮನೆ ಬೀಗಕ್ಕೆ ಮಾಡಿಸ್ತೀವಲ್ಲ.

— ಆಗುತ್ತೆ, ಕೋಡ್ ಇದ್ದರೆ. ಹೊಸ ಸೆಟ್ ಕೊಂಡಾಗ ಒಂದು ಸಣ್ಣ ಕಾರ್ಡ್ ಬರುತ್ತೆ, ಅದರಲ್ಲಿ ನಂಬರ್ ಇರುತ್ತೆ. ಎಷ್ಟೋ ಕೀಗಳ ಮೈಮೇಲೂ ಅದೇ ನಂಬರ್ ಕೊರೆದಿರುತ್ತೆ. ಆ ನಂಬರ್ ಕೊಟ್ಟರೆ ತಯಾರಿಸಿದವರಿಂದ ಅದೇ ಗೀರಿನ ಇನ್ನೊಂದು ಕೀ ತರಿಸಬಹುದು. ಕೆಲವು ಯುರೋಪಿನ ಗಾಡಿಗಳ ಸರ್ವಿಸ್ ಸೆಂಟರಿನಲ್ಲಿ ಆ ಕಂಪನಿಯ ಎಲ್ಲ ಗೀರಿನ ಕೀಗಳೂ ಒಂದು ಪೆಟ್ಟಿಗೆಯಲ್ಲಿರ್ತವೆ, ಒಂದೊಂದೇ ಕೂರಿಸಿ ನೋಡಿ ಬಿಚ್ಚಿಬಿಡ್ತಾರೆ. ನಿಮ್ಮದು ಹೊರಗೆ ಹಾಕಿಸಿದ ಸೆಟ್ಟು. ಮೊದಲಿನ ಮಾಲೀಕರಿಗೆ ಒಂದು ಫೋನ್ ಮಾಡಿ ನೋಡಿ, ಕಾರ್ಡ್ ಇಟ್ಟಿದ್ದಾರಾ ಅಂತ.

— …ಅವರಿಗೆ ನೆನಪೇ ಇಲ್ಲವಂತೆ. ಕಾರಿನ ಜೊತೆ ಕೊಟ್ಟ ಕಾಗದದಲ್ಲೇ ಇರಬೇಕು ಅಂತಾರೆ. ಅಲ್ಲಿಲ್ಲ. ಸಾಯಂಕಾಲದೊಳಗೆ ನಾನು ಬೆಂಗಳೂರಲ್ಲಿರಬೇಕು ಅಣ್ಣ.

— ಸರಿ, ಹಾಗಾದರೆ ಕೈ ಹಾಕೋಣ. ಲೋ, ಗಾಡಿ ಮೊದಲನೇ ಗೇರಿಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳಿ, ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಡು. ಮೇಡಂ, ಆ ಮೂರು ನಟ್ಟು ಎಷ್ಟು ಸಡಿಲ ಮಾಡಿದ್ದೀರಿ?

— ಕೈಯಲ್ಲಿ ತಿರುಗೋ ಅಷ್ಟು.

— ಅವನ್ನ ಮೊದಲು ವಾಪಸ್ ಬಿಗಿ ಮಾಡಬೇಕು.

— ತೆಗೆಯೋಕೆ ಬಂದವರು ಬಿಗಿ ಮಾಡ್ತೀರಾ?

— ಮಾಡಲೇಬೇಕು. ನೀವು ಪಾಠ ಹೇಳೋದು ಇದನ್ನೇ ಅಲ್ವಾ? ಮೂರು ಸಡಿಲ ಇದ್ದರೆ ಚಕ್ರ ಹಿಡಿದಿಟ್ಟಿರೋ ಎಳೆತವೆಲ್ಲ ನಾಲ್ಕನೇದರ ಮೇಲೆ ಬಿತ್ತು. ಚಕ್ರ ಕೂದಲೆಳೆಯಷ್ಟು ವಾಲುತ್ತೆ, ನಟ್ಟಿನ ಇಳಿಜಾರು ಮುಖ ಅಲಾಯ್ ತೂತಿನಲ್ಲಿ ಸೆಟೆದು ಕೂರುತ್ತೆ. ಮೂರನ್ನೂ ಬಿಗಿ ಮಾಡಿದರೆ ಆ ಹೊರೆ ಹಂಚಿಹೋಗುತ್ತೆ, ಲಾಕ್ ನಟ್ಟಿಗೆ ಉಸಿರು ಬರುತ್ತೆ. ಲಾಕ್ ನಟ್ಟು ಯಾವಾಗಲೂ ಮೊದಲು ಬಿಚ್ಚಬೇಕು, ಬಿಗಿ ಮಾಡುವಾಗ ಕೊನೆಗೆ ಬಿಗಿ ಮಾಡಬೇಕು. ಚಕ್ರ ನೆಲದ ಮೇಲಿದ್ದಾಗಲೇ ಇದಾಗಬೇಕು. ಜಾಕ್ ಮೇಲೆ ನಿಂತ ಗಾಡಿಗೆ ಉದ್ದ ರಾಡ್ ಹಾಕಿ ಜಗ್ಗಿದರೆ ಗಾಡಿ ಜಾರಿ ಮೈಮೇಲೆ ಬರುತ್ತೆ.

— ಈಗ ಎಣ್ಣೆ ಬಿಡ್ತಿದ್ದೀರಾ?

— ಎರಡೇ ತೊಟ್ಟು, ತುಕ್ಕು ಸಡಿಲ ಆಗಲಿ ಅಂತ. ಕಾಲು ಗಂಟೆ ಬಿಡೋಣ. ಸುರಿದುಬಿಟ್ಟರೆ ಬ್ರೇಕ್ ಡಿಸ್ಕಿಗೆ ಇಳಿಯುತ್ತೆ, ಘಾಟಿಯಲ್ಲಿ ಅದು ಕೆಡುಕು. ಅಷ್ಟರಲ್ಲಿ ಈ ನಟ್ಟಿನ ಕುತ್ತಿಗೆ ಬೆರಳಲ್ಲಿ ತಿರುಗಿಸಿ ನೋಡಿ.

— ತಿರುಗಲ್ಲ.

— ಒಳ್ಳೇದಾಯ್ತು. ಕೆಲವು ನಟ್ಟಿಗೆ ಹೊರಗೆ ಒಂದು ಬಳೆ ಇರುತ್ತೆ, ಅದು ಸುಮ್ಮನೆ ತನ್ನಷ್ಟಕ್ಕೆ ಸುತ್ತುತ್ತೆ. ಹೊರಗಿನಿಂದ ಏನು ಕಚ್ಚಿಸಿದರೂ ಬಳೆ ಸುತ್ತುತ್ತೆ, ನಟ್ಟು ನಿಂತಲ್ಲೇ ನಿಂತಿರುತ್ತೆ. ಅಂಥದ್ದಾದರೆ ಮೊದಲು ಬಳೆಯನ್ನೇ ಸೀಳಿ ತೆಗೆಯಬೇಕು. ನಿಮ್ಮದು ಒಂದೇ ಗಟ್ಟಿ ತುಂಡು.

— ಅಣ್ಣ, ನಿಮ್ಮಲ್ಲಿ ವೆಲ್ಡಿಂಗ್ ಇದೆಯಲ್ಲ. ಅದರ ತಲೆಗೆ ಒಂದು ಆರು ಮೂಲೆ ನಟ್ಟು ಬೆಸೆದು ಪಾನ ಹಾಕಿ ತಿರುಗಿಸಬಹುದು ಅಂತ ಟೋಯಿಂಗ್ ಗಾಡಿಯವರು ಹೇಳಿದರು.

— ಮಾಡೋರಿದ್ದಾರೆ. ಬರುತ್ತೆ ಕೂಡ. ಟೈರ್ ಕೂತಿರೋ ಚಕ್ರಕ್ಕೆ ನಾನು ಮಾತ್ರ ಬೆಂಕಿ ಮುಟ್ಟಿಸಲ್ಲ. ಇದನ್ನ ಸ್ವಲ್ಪ ಗಮನ ಕೊಟ್ಟು ಕೇಳಿ ಮೇಡಂ, ನಿಮ್ಮ ಹುಡುಗರಿಗೂ ಹೇಳಿ. ರಿಮ್ಮಿಗೆ ಬಿಸಿ ಹತ್ತಿದರೆ ಅದಕ್ಕೆ ಅಂಟಿರೋ ರಬ್ಬರು ಒಳಗಡೆ ಬೇಯುತ್ತೆ, ಹೊತ್ತಿಕೊಳ್ಳೋ ಆವಿ ಬಿಡುತ್ತೆ. ಒಳಗೆ ಗಾಳಿ ಇದ್ದೇ ಇದೆ. ಆವಿ, ಗಾಳಿ, ಬಿಸಿ ಮೂರೂ ಒಂದೇ ಮುಚ್ಚಿದ ಕೋಣೆಯಲ್ಲಿ. ಹೊತ್ತಿತು ಅಂದರೆ ಟೈರು ಸಿಡಿಯುತ್ತೆ, ಅದರ ಮುಂದೆ ಕೂತವನು ಉಳಿಯಲ್ಲ. ಬೆಂಕಿ ತೆಗೆದ ಎಷ್ಟೋ ಹೊತ್ತಿನ ಮೇಲೂ ಸಿಡಿಯಬಹುದು.

— ಗಾಳಿ ಪೂರ್ತಿ ಬಿಟ್ಟರೆ?

— ಹೊರಗಿನಷ್ಟೇ ಗಾಳಿ ಒಳಗೂ ಉಳಿಯುತ್ತಲ್ಲ. ಒತ್ತಡ ಹೋಯ್ತು, ಆಮ್ಲಜನಕ ಹೋಗಲಿಲ್ಲ. ಇನ್ನು ಅಲಾಯ್ ಅಂದರೆ ಅಲ್ಯೂಮಿನಿಯಂ. ಅದನ್ನ ಹದವಾಗಿ ಕಾಯಿಸಿ ಗಟ್ಟಿ ಮಾಡಿರ್ತಾರೆ. ಮತ್ತೆ ಅಡ್ಡಾದಿಡ್ಡಿ ಬಿಸಿ ತಾಗಿದರೆ ಆ ಗಟ್ಟಿತನ ಇಳಿದುಹೋಗುತ್ತೆ, ಕಣ್ಣಿಗೆ ಏನೂ ಕಾಣಲ್ಲ. ಮುಂದೆ ಯಾವತ್ತೋ ಗುಂಡಿಗೆ ಇಳಿದಾಗ ಬಿರುಕು ಬಿಡುತ್ತೆ. ಅರ್ತ್ ಸರಿಯಾಗಿ ಹಾಕದಿದ್ದರೆ ಕರೆಂಟು ಬೇರಿಂಗಿನೊಳಗೆ ಹಾದು ಅದೂ ಹಾಳು. ಒಂದು ನಟ್ಟಿಗೋಸ್ಕರ ಇಷ್ಟೆಲ್ಲ ಯಾಕೆ?

— ಕೊರೆದು ತೆಗೆಯೋದು?

— ಅದು ಕೊನೇ ದಾರಿ. ಈ ನಟ್ಟಿನ ಉಕ್ಕು ಗಡುಸು, ಮಾಮೂಲಿ ಡ್ರಿಲ್ ಬಿಟ್ಟು ಜಾರುತ್ತೆ, ಕೋಬಾಲ್ಟ್ ಅಥವಾ ಕಾರ್ಬೈಡ್ ಬಿಟ್ಟೇ ಬೇಕು. ನಿಮ್ಮದು ಸ್ಟಡ್ ಇರೋ ಗಾಡಿ. ಹಬ್ಬಿನಿಂದ ಹೊರಗೆ ಚಾಚಿರೋ ಸ್ಟಡ್ಡಿಗೆ ನಟ್ಟು ಕೂರುತ್ತೆ. ಕೊರೆಯುವಾಗ ಸ್ಟಡ್ಡು ಹೋದರೂ ಹಿಂದಿನಿಂದ ಹೊಡೆದು ತೆಗೆದು ಹೊಸದು ಕೂರಿಸಬಹುದು, ದೊಡ್ಡ ಖರ್ಚಲ್ಲ. ಫೋಕ್ಸ್‌ವ್ಯಾಗನ್, ಸ್ಕೋಡಾ, ಬಿಎಂಡಬ್ಲ್ಯು ತರಹದವಕ್ಕೆ ಸ್ಟಡ್ಡೇ ಇಲ್ಲ, ಬೋಲ್ಟು ನೇರ ಹಬ್ಬಿನ ತಿರುಪು ಮರೆಗೆ ಹೋಗುತ್ತೆ. ಅಲ್ಲಿ ಕೊರೆಯುವಾಗ ಕೈ ತಪ್ಪಿದರೆ ಮರೆ ಕಿತ್ತುಹೋಗಿ ಹಬ್ಬನ್ನೇ ಬದಲಾಯಿಸಬೇಕಾಗುತ್ತೆ. ಅದಕ್ಕೇ ಮೊದಲು ಗಾಡಿ ಯಾವುದು ನೋಡ್ತೀನಿ, ಆಮೇಲೆ ಉಪಕರಣ. ಹೂಂ, ಕಾಲು ಗಂಟೆ ಆಯ್ತು. ಈ ಕನ್ನಡಕ ಹಾಕಿಕೊಂಡು ಎರಡು ಹೆಜ್ಜೆ ಹಿಂದೆ ನಿಲ್ಲಿ.

— ಅದು ಮಾಮೂಲಿ ಸಾಕೆಟ್ ಅಲ್ವಾ?

— ಹನ್ನೆರಡು ಮೂಲೆದು. ನಟ್ಟಿನ ತಲೆಗಿಂತ ಒಂದೇ ಒಂದು ಕೂದಲು ಚಿಕ್ಕದು. ಅಲಾಯ್ ಗೀಚದಿರಲಿ ಅಂತ ಸುತ್ತ ಟೇಪ್ ಅಂಟಿಸಿದ್ದೀನಿ. ಸುತ್ತಿಗೆಯಲ್ಲಿ ನೇರ ನಾಲ್ಕು ಏಟು. ಹೆಚ್ಚು ಹೊಡೆಯೋ ಹಾಗಿಲ್ಲ, ಪ್ರತಿ ಏಟೂ ಹಿಂದಿರೋ ಬೇರಿಂಗಿಗೆ ಹೋಗುತ್ತೆ. ಈಗ ಉದ್ದ ರಾಡು… ನಿಧಾನ… ಜಾರಿತು.

— ಅಯ್ಯೋ. ಮತ್ತೆ ಹೊಡೀತೀರಾ?

— ಇಲ್ಲ, ಜಾರಿದ ಮೇಲೆ ಅದನ್ನೇ ಹಟ ಮಾಡಿದರೆ ತಲೆ ಪೂರ್ತಿ ನುಣ್ಣಗಾಗಿ ಮುಂದಿನ ದಾರಿಯೂ ಮುಚ್ಚುತ್ತೆ. ಇಗೋ, ಇದನ್ನ ನೋಡಿ. ಒಳಗೆ ಹಲ್ಲು ಸುರುಳಿ ಸುರುಳಿಯಾಗಿದೆ, ಎಡಕ್ಕೆ ಸುತ್ತಿದ ಸುರುಳಿ. ನಟ್ಟು ಬಿಚ್ಚೋದೂ ಎಡಕ್ಕೇ. ತಿರುಗಿಸಿದಷ್ಟೂ ಇದು ನಟ್ಟಿನೊಳಗೆ ಇನ್ನಷ್ಟು ಇಳಿದು ಕಚ್ಚುತ್ತೆ.

— ಜಾರೋ ಬಲವನ್ನೇ ಹಿಡಿಯೋ ಬಲ ಮಾಡಿದ್ದಾರೆ! ಎಷ್ಟು ಚೆಂದದ ಉಪಾಯ.

— ಚೆಂದವೇ. ಇದಕ್ಕೂ ಏರ್ ಗನ್ ಬೇಡ, ಕೈಯಿಂದಲೇ, ಒಂದೇ ಸಮನಾದ ಒತ್ತಡ. ರಾಡಿನ ತುದಿ ಹಿಡೀರಿ, ನೀವೇ ಎಳೀರಿ. ಮೈಭಾರ ಬಿಡಿ. ಹಾಂ…

— ಟಕ್ ಅಂತು! ಮುರೀತಾ?

— ಬಿಟ್ಟಿತು. ಮುರಿದರೆ ಸದ್ದು ಬೇರೆ, ಕೈಗೂ ಬೇರೆ ಥರ ಗೊತ್ತಾಗುತ್ತೆ. ಇನ್ನು ಸಲೀಸು. ನಟ್ಟು ಸಾಕೆಟ್ಟಿನೊಳಗೇ ಕಚ್ಚಿಕೊಂಡಿದೆ, ಅದನ್ನ ವೈಸಿಗೆ ಹಾಕಿ ಹಿಂದಿನಿಂದ ಹೊಡೆದು ತೆಗೆಯೋಣ. ಈಗ ಜಾಕ್ ಕೊಡು ಮಗ, ಉಳಿದ ಮೂರು ಬಿಚ್ಚು.

— ನಾಲ್ಕೂ ಬಿಚ್ಚಿದೆ, ಆದರೂ ಚಕ್ರ ಬರ್ತಿಲ್ಲವಲ್ಲ ಅಣ್ಣ!

— ನೀವು ಕಡಲ ತಡಿಯವರು. ಉಪ್ಪುಗಾಳಿ, ಮಳೆ. ಉಕ್ಕಿನ ಹಬ್ಬು, ಅಲ್ಯೂಮಿನಿಯಂ ಚಕ್ರ, ಎರಡು ಬೇರೆ ಲೋಹ ಉಪ್ಪುನೀರಿನಲ್ಲಿ ತಾಗಿದರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ? ಎರಡು ನಟ್ಟು ಒಂದೆರಡು ಸುತ್ತು ವಾಪಸ್ ಹಾಕಿ, ಚಕ್ರ ಕಿತ್ತು ಕಾಲ ಮೇಲೆ ಬೀಳದಿರಲಿ. ಈಗ ಟೈರಿನ ಪಕ್ಕಕ್ಕೆ ರಬ್ಬರ್ ಸುತ್ತಿಗೆ… ಬಂತು. ಹಬ್ಬಿನ ಮುಖ ತಂತಿ ಬ್ರಷ್ಷಿನಲ್ಲಿ ಉಜ್ಜಿ, ನಡುವಿನ ಏರಿಗೆ ತೆಳ್ಳಗೆ ಗ್ರೀಸ್ ಸವರೋಣ. ಸ್ಟಡ್ಡಿನ ಮರೆಗೆ ಮಾತ್ರ ಗ್ರೀಸ್ ಬೇಡ, ಎಣ್ಣೆಯೂ ಬೇಡ, ಒರೆಸಿಬಿಡಬೇಕು. ಬಿಗಿಯ ಲೆಕ್ಕ ಹಾಕಿರೋದು ಒಣ ಮರೆಗೆ. ಜಾರೋ ಮರೆಗೆ ಅಷ್ಟೇ ಬಲ ಕೊಟ್ಟರೆ ಸ್ಟಡ್ಡು ಹೆಚ್ಚು ಹಿಗ್ಗುತ್ತೆ.

— ಉಳಿದ ಮೂರು ಚಕ್ರದಲ್ಲೂ ಒಂದೊಂದು ಇದೆಯಲ್ಲ.

— ಅವನ್ನೂ ಈಗಲೇ ತೆಗೆಯಬೇಕು. ಇಲ್ಲದಿದ್ದರೆ ಮುಂದಿನ ಪಂಚರ್ ಆ ಚಕ್ರಕ್ಕೇ ಆಗುತ್ತೆ. ಎರಡು ಸುಲಭವಾಗಿ ಬರ್ತವೆ. ಬಲ ಹಿಂದಿನದು ನೋಡಿ, ಹೂವಿನ ಎಸಳೆಲ್ಲ ಆಗಲೇ ಸವೆದಿದೆ. ಏರ್ ಗನ್ನಿನ ಕೆಲಸ. ಸಣ್ಣ ಕಾರಿನ ನಟ್ಟಿಗೆ ಬೇಕಾದ ಬಿಗಿ ಹೆಚ್ಚುಕಡಿಮೆ 85ರಿಂದ 110 ನ್ಯೂಟನ್ ಮೀಟರ್. ನಮ್ಮ ಮಾತಲ್ಲಿ ಹೇಳೋದಾದರೆ, ಅರ್ಧ ಮೀಟರ್ ರಾಡಿನ ತುದಿಗೆ ಇಪ್ಪತ್ತು ಕೆಜಿ ಚೀಲ ತೂಗುಬಿಟ್ಟ ಹಾಗೆ. ಅರ್ಧ ಇಂಚಿನ ಏರ್ ಗನ್ನು 500 ದಾಟಿಸುತ್ತೆ. ಮಾಮೂಲಿ ನಟ್ಟಿಗೆ ಆರು ಅಗಲವಾದ ಮುಖ, ಹೇಗೋ ತಡೆಯುತ್ತೆ. ಲಾಕ್ ನಟ್ಟಿನ ಗೀರು ಎರಡು ಮೂರು ಎಂ.ಎಂ. ಅಗಲ, ಅಷ್ಟು ಬಡಿತಕ್ಕೆ ಅದು ನಿಲ್ಲಲ್ಲ. ಕೆಲವು ಸಲ ಕೀಯೇ ಒಡೆದು ಎರಡಾಗುತ್ತೆ.

— ಹಾಗಾದರೆ ಇದಕ್ಕೆ ಏನು ಮಾಡ್ತೀರಿ? ಸುರುಳಿಯೂ ಜಾರ್ತಿದೆ.

— ಚಾಣ. ತಲೆಯ ಅಂಚಿನಲ್ಲಿ ಮೊದಲು ನೇರ ಹೊಡೆದು ಒಂದು ಕಚ್ಚು ಮಾಡ್ಕೋಬೇಕು. ಆಮೇಲೆ ಚಾಣ ಓರೆ ಹಿಡಿದು, ಬಿಚ್ಚೋ ದಿಕ್ಕಿಗೆ ತಳ್ಳೋ ಹಾಗೆ ಹೊಡೀಬೇಕು. ಅಜ್ಜನ ಕಾಲದ ಉಪಾಯ. ಅಲಾಯ್ ತೂತಿನ ಸುತ್ತ ಈ ತಗಡಿನ ಬಿಲ್ಲೆ ಇಟ್ಟುಕೊಳ್ಳೋಣ, ಆದರೂ ಒಂದು ಗೀರು ಬಿದ್ದರೆ ಬೇಸರ ಮಾಡ್ಕೋಬೇಡಿ… ಅಲ್ಲಾಡಿತು. ಇನ್ನೆರಡು ಏಟು.

— ಬಂತು! ಅಣ್ಣ, ನನಗೆ ಒಂದು ಪ್ರಶ್ನೆ. ನೀವು ಒಂದೊಂದನ್ನ ಐದು ಹತ್ತು ನಿಮಿಷದಲ್ಲಿ ತೆಗೆದಿರಿ. ಆ ಸುರುಳಿ ಸಾಕೆಟ್ಟು ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗುತ್ತೆ. ಕಳ್ಳನಿಗೂ ಸಿಗುತ್ತಲ್ಲ? ಹಾಗಿದ್ದ ಮೇಲೆ ಈ ಬೀಗ ತಡೆದಿದ್ದು ನನ್ನನ್ನ ಮಾತ್ರ, ರಾತ್ರಿ, ಮಳೆಯಲ್ಲಿ.

— ನಿಮ್ಮ ಕೋಪ ನ್ಯಾಯವಾದದ್ದೇ. ಆದರೆ ನಾನು ಹೊಡೆದ ಸದ್ದು ಕೇಳಿದ್ರಲ್ಲ? ನಾಲ್ಕು ಚಕ್ರಕ್ಕೆ ನಾಲ್ಕು ಸಲ ಆ ಸದ್ದು. ಮಾಮೂಲಿ ನಟ್ಟು ಒಂದು ಪಾನದಲ್ಲಿ ಸದ್ದಿಲ್ಲದೆ ಬಿಚ್ಚುತ್ತೆ, ಇದು ಊರೆಬ್ಬಿಸುತ್ತೆ. ಪಕ್ಕದಲ್ಲಿ ಲಾಕ್ ನಟ್ಟಿಲ್ಲದ ಗಾಡಿ ಇದ್ದರೆ ಕಳ್ಳ ಅದರ ಹತ್ತಿರ ಹೋಗ್ತಾನೆ. ಇದರಿಂದ ಆಗೋದು ಅಷ್ಟೇ, ಅಷ್ಟು ಆಗೋದೂ ನಿಜ. ನಿಮ್ಮ ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತೆ?

— ಮನೆ ಗೇಟಿನ ಒಳಗೆ. ಕಾಲೇಜಲ್ಲೂ ಕಾವಲಿದೆ.

— ಹಾಗಾದರೆ ನಿಮಗೆ ಇದು ಬೇಡ. ಮಾಮೂಲಿ ನಟ್ಟೇ ಹಾಕ್ತೀನಿ. ಅದಕ್ಕೂ ನೋಡಿ ಹಾಕಬೇಕು. ಸ್ಟಡ್ ಎಲ್ಲಾ 12 ಎಂ.ಎಂ. ಅಂತ ಕೈಗೆ ಸಿಕ್ಕಿದ್ದು ಹಾಕೋ ಹಾಗಿಲ್ಲ. ಮಾರುತಿಗೆ ಮರೆಯಿಂದ ಮರೆಗೆ 1.25 ಎಂ.ಎಂ., ಹ್ಯುಂಡೈ, ಹೋಂಡಾಕ್ಕೆ 1.5. ಒಂದರದ್ದು ಇನ್ನೊಂದಕ್ಕೆ ಎರಡು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತೆ, ಪಾನ ಹಾಕಿ ಒತ್ತಿದರೆ ಮರೆ ಹಾಳು. ಕೂರೋ ಮುಖವೂ ಒಂದೇ ಅಲ್ಲ. ಕೆಲವಕ್ಕೆ ಇಳಿಜಾರು ಕೋನು, ಹೋಂಡಾದವರದ್ದು ಗುಂಡು. ಗುಂಡು ಗುಳಿಗೆ ಕೋನಿನ ನಟ್ಟು ಹಾಕಿದರೆ ಕೂತ ಹಾಗೆ ಕಾಣುತ್ತೆ, ತಾಗೋದು ದಾರದಷ್ಟು ಜಾಗದಲ್ಲಿ. ಓಡ್ತಾ ಓಡ್ತಾ ಸಡಿಲ ಆಗುತ್ತೆ.

— ಬೆಂಗಳೂರಲ್ಲಿ ನನ್ನ ತಮ್ಮನ ಗಾಡಿ ರಸ್ತೆ ಬದಿಯಲ್ಲೇ ನಿಲ್ಲೋದು. ಅವನದ್ದೂ ಅಲಾಯ್, ಲಾಕ್ ನಟ್ಟೂ ಇದೆ.

— ಅವರಿಗೆ ಇರಲಿ. ಆದರೆ ಈಗಲೇ ಫೋನ್ ಮಾಡಿ, ಡಿಕ್ಕಿ ತೆಗೆದು ಕೀ ಇದೆಯಾ ನೋಡೋಕೆ ಹೇಳಿ. ಇದ್ದರೆ ಅದರ ನಂಬರಿನದ್ದು, ಗೀರಿನದ್ದು ಒಂದು ಫೋಟೋ ತೆಗೆದು ನಿಮಗೂ ಕಳಿಸಲಿ, ಮನೆಯಲ್ಲೂ ಒಂದು ಕಡೆ ಬರೆದಿಡಲಿ. ಕೀಗೆ ಕೆಂಪು ದಾರ ಕಟ್ಟಿ ಸ್ಟೆಪ್ನಿಯ ಗುಂಡಿಯಲ್ಲೇ ಇಡಲಿ, ಬೇಕಾದಾಗ ಕೈ ಹೋಗೋದು ಅಲ್ಲಿಗೇ. ಟೈರ್ ಅಂಗಡಿಗೆ ಹೋದರೆ ಲಾಕ್ ನಟ್ಟನ್ನ ಕೈಯಿಂದಲೇ ಬಿಗಿ ಮಾಡಿ ಅಂತ ಎದುರು ನಿಂತು ಹೇಳಲಿ, ಕೀ ವಾಪಸ್ ಕೈಗೆ ಬಂದ ಮೇಲೇ ಗಾಡಿ ತೆಗೀಲಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳೋರಿಗೆ ನಾನು ಎಂಜಿನ್ನಿನ ವಿಷಯಕ್ಕಿಂತ ಮೊದಲು ಇದನ್ನೇ ಹೇಳೋದು, ‘ಲಾಕ್ ನಟ್ಟಿನ ಕೀ ಕೊಡಿ’ ಅಂತ ಕೇಳಿ ಅಂತ.

— ಹೋದ ವರ್ಷ ನನಗೆ ಯಾರಾದರೂ ಇದನ್ನ ಹೇಳಿದ್ದರೆ…

— ಈಗ ನೀವು ಹೇಳಬಹುದಲ್ಲ. ಬನ್ನಿ, ಟಾರ್ಕ್ ರೆಂಚು 100ಕ್ಕೆ ಇಟ್ಟಿದ್ದೀನಿ. ಎದುರುಬದುರು ಬಿಗಿ ಮಾಡ್ತೀನಿ, ಟಿಕ್ ಅಂದ ತಕ್ಷಣ ಕೈ ಬಿಡ್ತೀನಿ, ನೀವೂ ಕೇಳಿಸಿಕೊಳ್ಳಿ. ಪಂಚರೂ ಹಾಕಿ ಆಯ್ತು, ಸ್ಟೆಪ್ನಿ ಜಾಗಕ್ಕೆ ಸೇರಿತು. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರಿನೊಳಗೆ ಬಿಗಿ ಒಂದು ಸಲ ನೋಡಬೇಕು. ಇಲ್ಲಿಂದ ಹಾಸನ 40 ಕಿಲೋಮೀಟರ್, ಅದು ಬೇಗ ಆಯ್ತು. ಚನ್ನರಾಯಪಟ್ಟಣದಲ್ಲಿ ಕಾಫಿಗೆ ನಿಲ್ಲಿಸಿದಾಗ ಹದಿನಾರೂ ನಟ್ಟಿಗೆ ಇನ್ನೊಮ್ಮೆ ಪಾನ ಹಾಕಿ ನೋಡಿ.